ಹಲ್ಲಿ, ಜೇಡ, ಗಾಡ್ಜಿಲ್ಲಾ: ಹಳೆಯ ದೈತ್ಯಪ್ರಾಣಿ ಸಿನಿಮಾಗಳ ಡಿಸ್ಕ್ ಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

1959ರಲ್ಲಿ ಟೆಕ್ಸಸ್‌ನ ಗಾರ್ಡನ್ ಮೆಕ್ಲೆಂಡನ್ ಎಂಬ ರೇಡಿಯೊ ಉದ್ಯಮಿ ಕಡಿಮೆ ದುಡ್ಡಿನಲ್ಲಿ ಎರಡು ಸಿನಿಮಾ ಮಾಡಿಸಿದ. ಎರಡಕ್ಕೂ ನಿರ್ದೇಶಕ ರೇ ಕೆಲ್ಲಾಗ್. 'ದಿ ಜೈಂಟ್ ಗೀಲಾ ಮಾನ್ಸ್ಟರ್'ನಲ್ಲಿ ಕಾರು, ರೈಲು ಉರುಳಿಸುವ ಹಲ್ಲಿ. 'ದಿ ಕಿಲ್ಲರ್ ಶ್ರೂಸ್'ನಲ್ಲಿ ಆಳೆತ್ತರ ಹಾರಿ ಬರುವ ಸುಂಡಿಲಿಗಳು. ಸುಂಡಿಲಿಗಳಾಗಿ ನಟಿಸಿದವು ತುಪ್ಪಳ ಹೊದ್ದ ನಾಯಿಗಳು, ಅದು ಮೊದಲ ನೋಟಕ್ಕೇ ಗೊತ್ತಾಗುತ್ತದೆ. ಎರಡೂ ಒಂದೇ ಟಿಕೆಟ್‌ಗೆ ಜೋಡಿಯಾಗಿ ತೆರೆಕಂಡವು, ಆಮೇಲೆ ಹಕ್ಕುಸ್ವಾಮ್ಯ ನವೀಕರಣವಾಗದೆ ಸಾರ್ವಜನಿಕ ಸೊತ್ತಾದವು. ಅಲ್ಲಿಂದ ಮುಂದೆ ಯಾರು ಬೇಕಾದರೂ ಇವನ್ನು ಮಾರಬಹುದಾಯಿತು. ಮಾರಿದರು ಕೂಡ. ಪ್ರತಿಯ ಪ್ರತಿಯ ಪ್ರತಿ ತೆಗೆದು, ಹಲ್ಲಿ ಯಾವುದು, ಪೊದೆ ಯಾವುದು ಎಂದು ತಿಳಿಯದಷ್ಟು ಮಸುಕಾದ ಡಿವಿಡಿಗಳು ದಶಕಗಟ್ಟಲೆ ಓಡಾಡಿದವು. 2023ರಲ್ಲಿ ಫಿಲ್ಮ್ ಮಾಸ್ಟರ್ಸ್ ಎಂಬ ಸಂಸ್ಥೆ 35 ಎಂಎಂ ರೀಲುಗಳಿಂದ ಹೊಸದಾಗಿ 4ಕೆ, ಅಂದರೆ ಅತಿ ಸ್ಪಷ್ಟ, ಸ್ಕ್ಯಾನ್ ಮಾಡಿ ಎರಡನ್ನೂ ಒಟ್ಟಿಗೆ ಡಿವಿಡಿಗಿಂತ ಸ್ಪಷ್ಟವಾದ ಬ್ಲೂ-ರೇ ಡಿಸ್ಕಿನಲ್ಲಿ ತಂದಾಗ, ಹಲ್ಲಿಯ ಮೈಮೇಲಿನ ಮಣಿಮಣಿ ಚರ್ಮವನ್ನು ಎಣಿಸಬಹುದಾಗಿತ್ತು.

ಇವತ್ತು ಹುಡುಕಿದರೆ ಆ ಮಸುಕು ಡಿವಿಡಿ, ಈ ಹೊಸ ಬ್ಲೂ-ರೇ ಎರಡೂ ಅಂಗಡಿಯಲ್ಲಿ ಅಕ್ಕಪಕ್ಕ ಸಿಗುತ್ತವೆ. ಹೆಸರು ಒಂದೇ, ಪೋಸ್ಟರ್ ಕೂಡ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಈ ಹುಚ್ಚಿಗೆ ಬೀಳುವವರು ಮೊದಲು ಕಲಿಯಬೇಕಾದ್ದು ಸಿನಿಮಾದ ಹೆಸರು ನೋಡಿ ಕೊಳ್ಳದೆ, ಡಿಸ್ಕಿನಲ್ಲಿರುವ ಆವೃತ್ತಿ ನೋಡಿ ಕೊಳ್ಳುವುದನ್ನು. ಮುಂದಿನದೆಲ್ಲ ಅದರ ವಿವರ.

ಹಂತ 1: ನಿಮ್ಮ ಪ್ರಾಣಿ ಯಾವುದೆಂದು ತೀರ್ಮಾನಿಸಿ

ಎಲ್ಲವನ್ನೂ ಕೊಳ್ಳಲು ಹೊರಟರೆ ಕಪಾಟೂ ಸಾಲದು, ಸಂಬಳವೂ ಸಾಲದು. ಸ್ಥೂಲವಾಗಿ ಮೂರು ಕವಲುಗಳಿವೆ.

ಮೊದಲನೆಯದು 1950ರ ದಶಕದ ಅಮೆರಿಕ. ಅಣುಬಾಂಬಿನ ಭಯದಲ್ಲಿ ಹುಟ್ಟಿದ ಇರುವೆ, ಜೇಡ, ಮಿಡತೆ, ಅಷ್ಟಪದಿಗಳ ಕಾಲ. ವಾರ್ನರ್ ಸಂಸ್ಥೆಯ 'ದಿ ಬೀಸ್ಟ್ ಫ್ರಮ್ 20,000 ಫ್ಯಾದಮ್ಸ್' (1953), 'ದೆಮ್!' (1954), ಯೂನಿವರ್ಸಲ್‌ನ 'ಟರಾಂಟುಲಾ' (1955), 'ದಿ ಡೆಡ್ಲಿ ಮ್ಯಾಂಟಿಸ್' (1957), ಕೊಲಂಬಿಯಾದ 'ಇಟ್ ಕೇಮ್ ಫ್ರಮ್ ಬಿನೀತ್ ದ ಸೀ' (1955), 'ದಿ ಜೈಂಟ್ ಕ್ಲಾ' (1957). ಇದರ ಕೆಳಗಿನ ಮೆಟ್ಟಿಲಲ್ಲಿ ನಿರ್ದೇಶಕ ಬರ್ಟ್ ಐ. ಗಾರ್ಡನ್. 1957ರ 'ಬಿಗಿನಿಂಗ್ ಆಫ್ ದಿ ಎಂಡ್' ಚಿತ್ರಕ್ಕೆ ಈ ಪುಣ್ಯಾತ್ಮ ಶಿಕಾಗೊ ಕಟ್ಟಡಗಳ ಫೋಟೊ ಮೇಲೆ ಜೀವಂತ ಮಿಡತೆಗಳನ್ನು ಹರಿದಾಡಲು ಬಿಟ್ಟು ಚಿತ್ರೀಕರಿಸಿದ.

ಎರಡನೆಯದು ಜಪಾನ್. ತೋಹೋ ಸಂಸ್ಥೆಯ ಗಾಡ್ಜಿಲ್ಲಾ, ರೋಡಾನ್, ಮೋತ್ರಾ, ಜೊತೆಗೆ ದಾಯೇ ಸಂಸ್ಥೆಯ ಹಾರುವ ಆಮೆ ಗಮೆರಾ. ಮೂರನೆಯದು ಚಿಲ್ಲರೆ ದೇಶಗಳದು: ಬ್ರಿಟನ್ನಿನ 'ಗೋರ್ಗೊ' (1961), ಡೆನ್ಮಾರ್ಕಿನ 'ರೆಪ್ಟಿಲಿಕಸ್' (1961), ದಕ್ಷಿಣ ಕೊರಿಯಾದ 'ಯೊಂಗರಿ' (1967). ನಮ್ಮ ದೇಶವೂ ಈ ಕವಲಿಗೆ ಒಂದು ಕಾಣಿಕೆ ಕೊಟ್ಟಿದೆ. 1966ರಲ್ಲಿ ಹಿಂದಿಯಲ್ಲಿ 'ಗೊಗೊಲಾ' ಎಂಬ ಸಮುದ್ರದೈತ್ಯನ ಸಿನಿಮಾ ಬಂತು. ಹೆಸರಲ್ಲೇ ಯಾರ ಸಂಬಂಧಿಕ ಎಂದು ತಿಳಿಯುತ್ತದೆ. ಅದರ ಹಾಡು ಸಿಗುತ್ತದೆ, ಸಿನಿಮಾ ಕಳೆದುಹೋಗಿದೆ ಎಂದೇ ಆಸಕ್ತರೆಲ್ಲ ನಂಬಿದ್ದಾರೆ. ಹಾಗಾಗಿ ಅದರ ಡಿಸ್ಕ್ ಇದೆ ಎಂದು ಯಾರಾದರೂ ಹೇಳಿದರೆ ದುಡ್ಡು ಕೊಡುವ ಮುಂಚೆ ತುಣುಕು ತೋರಿಸಲು ಕೇಳಿ.

ಇವನ್ನೆಲ್ಲ ಒಟ್ಟಾಗಿ 'ಬಿ ಸಿನಿಮಾ' ಎಂದು ಕರೆಯುವುದುಂಟು, ಆದರೆ ಆ ಹಣೆಪಟ್ಟಿ ಸಡಿಲವಾದದ್ದು. ಜೋಡಿ ಪ್ರದರ್ಶನದಲ್ಲಿ ಕಡಿಮೆ ಖರ್ಚಿನ ಎರಡನೇ ಚಿತ್ರಕ್ಕೆ ಆ ಹೆಸರು. 1954ರ ಗಾಡ್ಜಿಲ್ಲಾ ಆ ಲೆಕ್ಕಕ್ಕೆ ಬರುವುದೇ ಇಲ್ಲ, ಅದು ತೋಹೋ ಕೈಬಿಚ್ಚಿ ಖರ್ಚು ಮಾಡಿದ ಚಿತ್ರ. ಅಂಗಡಿಯಲ್ಲಿ ಮಾತ್ರ ಎಲ್ಲವೂ ಒಂದೇ ಸಾಲಿನಲ್ಲಿ ಕೂರುತ್ತವೆ.

ಹಂತ 2: ಯಾವ ಆವೃತ್ತಿ ಎಂದು ಪತ್ತೆ ಮಾಡಿ

ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ, ನಿಧಾನವಾಗಿ ನೋಡೋಣ.

ಇಶಿರೊ ಹೋಂಡಾ ನಿರ್ದೇಶಿಸಿದ 1954ರ ಜಪಾನಿ ಗಾಡ್ಜಿಲ್ಲಾ 96 ನಿಮಿಷದ್ದು. ಹಿರೋಶಿಮಾ ಆಗಿ ಒಂಬತ್ತೇ ವರ್ಷ. ಸಿನಿಮಾದ ಮೈತುಂಬ ಆ ದುಃಖವಿದೆ. 1956ರಲ್ಲಿ ಅಮೆರಿಕದ ವಿತರಕರು ಇದನ್ನು ಕತ್ತರಿಸಿ, ರೇಮಂಡ್ ಬರ್ ಎಂಬ ನಟನನ್ನು ಪತ್ರಕರ್ತನನ್ನಾಗಿ ಸೇರಿಸಿ ಹೊಸ ದೃಶ್ಯ ತೆಗೆದು, 80 ನಿಮಿಷದ ಬೇರೆಯದೇ ಚಿತ್ರ ಮಾಡಿದರು. ಅಲ್ಲಿನ ಜನ ಮೂಲ ಚಿತ್ರವನ್ನು ದೊಡ್ಡ ಪ್ರಮಾಣದಲ್ಲಿ ಥಿಯೇಟರಿನಲ್ಲಿ ನೋಡಿದ್ದು 2004ರಲ್ಲಿ, ಅಧಿಕೃತ ಡಿವಿಡಿಯಲ್ಲಿ ನೋಡಿದ್ದು 2006ರಲ್ಲಿ. ಅಂದರೆ ಹಳೆಯ ಅಮೆರಿಕನ್ ವಿಎಚ್‌ಎಸ್ ಟೇಪ್ ಅಥವಾ ಡಿವಿಡಿ ಕೈಗೆ ಬಂದರೆ ಅದರಲ್ಲಿರುವುದು ಬಹುತೇಕ ರೇಮಂಡ್ ಬರ್‌ನ ಗಾಡ್ಜಿಲ್ಲಾ. ಕ್ರೈಟೀರಿಯನ್ ಸಂಸ್ಥೆಯ 2012ರ ಬ್ಲೂ-ರೇಯಲ್ಲಿ ಎರಡೂ ಇವೆ. ಎರಡೂ ಇರುವುದನ್ನೇ ಕೊಳ್ಳಿ. ಅಮೆರಿಕನ್ ಆವೃತ್ತಿಯನ್ನು ಮೂಗು ಮುರಿದು ತಳ್ಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದು ದೇಶದ ಶೋಕವನ್ನು ಇನ್ನೊಂದು ದೇಶ ಹೇಗೆ ಮನರಂಜನೆಯಾಗಿ ಒಗ್ಗಿಸಿಕೊಂಡಿತು ಎಂಬುದು ಎರಡನ್ನೂ ಬೆನ್ನುಬೆನ್ನಿಗೆ ನೋಡಿದಾಗ ಮಾತ್ರ ಕಾಣುತ್ತದೆ.

1962ರ 'ಕಿಂಗ್ ಕಾಂಗ್ ವರ್ಸಸ್ ಗಾಡ್ಜಿಲ್ಲಾ' ಇನ್ನೊಂದು ಕಗ್ಗಂಟು. ಜಪಾನಿನ 97 ನಿಮಿಷದ ಚಿತ್ರ ಟಿವಿ ಜಾಹೀರಾತುಗಳನ್ನು ಗೇಲಿ ಮಾಡುವ ಹಾಸ್ಯ. 1963ರಲ್ಲಿ ಯೂನಿವರ್ಸಲ್ ಬಿಡುಗಡೆ ಮಾಡಿದ 91 ನಿಮಿಷದ ಆವೃತ್ತಿಯಲ್ಲಿ ಆ ಹಾಸ್ಯ ಬಹಳಷ್ಟು ಹೋಗಿ, ವಾರ್ತಾವಾಚಕರ ಒಣ ವಿವರಣೆ ಬಂದು ಕೂತಿದೆ. ಜಪಾನಿ ಆವೃತ್ತಿಯಲ್ಲಿ ಗಾಡ್ಜಿಲ್ಲಾ ಗೆಲ್ಲುತ್ತದೆ, ಅಮೆರಿಕನ್ ಆವೃತ್ತಿಯಲ್ಲಿ ಕಾಂಗ್ ಗೆಲ್ಲುತ್ತದೆ ಎಂಬ ಮಾತು ದಶಕಗಳಿಂದ ಹರಿದಾಡುತ್ತಿದೆ. ಅದು ಸುಳ್ಳು. ಎರಡರಲ್ಲೂ ಕೊನೆಗೆ ಸಮುದ್ರದಲ್ಲಿ ಈಜಿ ಹೋಗುವುದು ಕಾಂಗ್ ಒಂದೇ.

ಮೋತ್ರಾ (1961) ಜಪಾನಿಯಲ್ಲಿ 101 ನಿಮಿಷ, ಅಮೆರಿಕನ್ ಆವೃತ್ತಿ ಅದಕ್ಕಿಂತ ಗಿಡ್ಡ. ಬ್ರಿಟನ್ನಿನ ಯುರೇಕಾ ಸಂಸ್ಥೆಯ 2020ರ ಬ್ಲೂ-ರೇಯಲ್ಲಿ ಎರಡೂ ಸಿಗುತ್ತವೆ. ರೋಡಾನ್‌ನದೂ ಇದೇ ಕತೆ: ಜಪಾನಿನಲ್ಲಿ 82 ನಿಮಿಷ, ಅಮೆರಿಕದಲ್ಲಿ 72. ರೆಪ್ಟಿಲಿಕಸ್ ಚಿತ್ರವನ್ನಂತೂ ಒಂದೇ ಸೆಟ್ಟಿನಲ್ಲಿ ಡ್ಯಾನಿಶ್‌ಗೊಮ್ಮೆ, ಇಂಗ್ಲಿಷ್‌ಗೊಮ್ಮೆ ಎರಡು ಸಲ ತೆಗೆದರು, ನಿರ್ದೇಶಕರೂ ಬೇರೆ ಬೇರೆ. ಯೊಂಗರಿಯದು ಉಲ್ಟಾ. ಅದರ ಮೂಲ ಕೊರಿಯನ್ ರೂಪ ಪೂರ್ತಿಯಾಗಿ ಉಳಿದಿಲ್ಲ, ಆದ್ದರಿಂದ 2016ರ ಕೀನೋ ಲಾರ್ಬರ್ ಬ್ಲೂ-ರೇಯಲ್ಲಿ ನೋಡಲು ಸಿಗುವುದು ಇಂಗ್ಲಿಷ್ ಡಬ್ಬಿಂಗ್ ಆದದ್ದು. ಅದನ್ನು ದೂರಿ ಪ್ರಯೋಜನವಿಲ್ಲ.

ಇವಕ್ಕೆಲ್ಲ ಅಜ್ಜನಾದ ಕಿಂಗ್ ಕಾಂಗ್ (1933) ಕೂಡ ಕತ್ತರಿಯಿಂದ ತಪ್ಪಿಸಿಕೊಂಡಿಲ್ಲ. 1938ರ ಮರುಬಿಡುಗಡೆಯಲ್ಲಿ ಸೆನ್ಸಾರ್ ನಿಯಮಕ್ಕಾಗಿ ಕತ್ತರಿಸಿದ ದೃಶ್ಯಗಳು, ಅಂದರೆ ಕಾಂಗ್ ಜನರನ್ನು ಅಗಿಯುವುದು, ತುಳಿಯುವುದು, ನಾಯಕಿಯ ಬಟ್ಟೆ ಸುಲಿಯುವುದು, 1970ರ ಸುಮಾರಿಗೆ ಮತ್ತೆ ಸಿಕ್ಕು ಸೇರಿಕೊಂಡವು. ವಾರ್ನರ್‌ನ 2010ರ ಬ್ಲೂ-ರೇಯಲ್ಲಿ ಅವೆಲ್ಲ ಇವೆ. ಬಿಡುಗಡೆಗೂ ಮುಂಚೆಯೇ ತೆಗೆದುಹಾಕಿದ ಜೇಡಗಳ ಕಂದರದ ದೃಶ್ಯ ಮಾತ್ರ ಇಂದಿಗೂ ಸಿಕ್ಕಿಲ್ಲ. ನಿರ್ದೇಶಕ ಪೀಟರ್ ಜಾಕ್ಸನ್ ತಂಡ ಅದನ್ನು ಹಳೆಯ ವಿಧಾನದಲ್ಲೇ ಮರುಸೃಷ್ಟಿಸಿ 2005ರ ಡಿವಿಡಿಗೆ ಕೊಟ್ಟಿತು.

ಪತ್ತೆ ಹಚ್ಚುವ ವಿಧಾನ ಸರಳ. ನಿಮಗೆ ಬೇಕಾದ ಚಿತ್ರದ ಪ್ರತಿ ಆವೃತ್ತಿಯ ಅವಧಿಯನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಡಿಸ್ಕಿನ ಹಿಂಬದಿಯ ಅವಧಿಗೆ ಹೋಲಿಸಿ. ಇದರಲ್ಲಿ ಒಂದು ಸಿಕ್ಕು ಇದೆ. ಸಿನಿಮಾ ಸೆಕೆಂಡಿಗೆ 24 ಚಿತ್ರ ಓಡುತ್ತದೆ. ಯುರೋಪಿನ ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಯಲ್ಲಿ ಅದನ್ನು 25ಕ್ಕೆ ಓಡಿಸುತ್ತಾರೆ. ಹೀಗಾಗಿ 96 ನಿಮಿಷದ ಗಾಡ್ಜಿಲ್ಲಾ ಅಲ್ಲಿ 92 ನಿಮಿಷಕ್ಕೆ ಮುಗಿಯುತ್ತದೆ, ದನಿಯೂ ಕೊಂಚ ಕೀರಲಾಗುತ್ತದೆ. ಏನನ್ನೂ ಕತ್ತರಿಸಿರುವುದಿಲ್ಲ. ನಾಲ್ಕು ಶೇಕಡ ಕಡಿಮೆ ಕಂಡರೆ ಗಾಬರಿ ಬೇಡ, ಹದಿನೈದು ಶೇಕಡ ಕಡಿಮೆ ಕಂಡರೆ ಅದು ಬೇರೆ ಆವೃತ್ತಿ.

ಹಂತ 3: ಚೌಕಟ್ಟಿನ ಅಳತೆ

1953ರಲ್ಲಿ ಹಾಲಿವುಡ್ ಟಿವಿಗೆ ಹೆದರಿ ಪರದೆಯನ್ನು ಅಗಲ ಮಾಡಿತು. ಅದಕ್ಕೂ ಮುಂಚಿನ ಚಿತ್ರಗಳು 1.37:1, ಅಂದರೆ ಅಗಲ ಎತ್ತರದ 1.37 ಪಟ್ಟು, ಹಳೆಯ ಟಿವಿಯ ಆಕಾರಕ್ಕೆ ಹತ್ತಿರ. ಆಮೇಲಿನವು ಹೆಚ್ಚಾಗಿ 1.66ರಿಂದ 1.85. ಸರಿಯಾಗಿ ಆ ಗಡಿರೇಖೆಯ ಮೇಲೆಯೇ ನಮ್ಮ ಪ್ರಾಣಿಗಳು ಹುಟ್ಟಿಕೊಂಡಿವೆ. 'ಬೀಸ್ಟ್ ಫ್ರಮ್ 20,000 ಫ್ಯಾದಮ್ಸ್' ಹಳೆಯ ಅಳತೆಯದು, ಮರುವರ್ಷದ 'ದೆಮ್!' ಅಗಲ ಪರದೆಯದು. ಆದರೆ 'ದೆಮ್!' ಚಿತ್ರದ 2002ರ ಡಿವಿಡಿ ಮೇಲೆ-ಕೆಳಗೆ ತೆರೆದ ಚೌಕಾಕಾರದಲ್ಲಿತ್ತು, 2015ರ ಬ್ಲೂ-ರೇಯಲ್ಲಿ ಅಗಲ ಚೌಕಟ್ಟು ಬಂತು. ತೆರೆದ ಚೌಕಟ್ಟಿನಲ್ಲಿ ಹೆಚ್ಚು ಕಾಣುತ್ತದಲ್ಲ, ಅದೇ ಒಳ್ಳೆಯದಲ್ಲವೇ ಎಂದು ಕೇಳುವವರುಂಟು. ಕಾಣುವುದು ನಿಜ, ಆದರೆ ಹೆಚ್ಚಾಗಿ ಕಾಣುವುದು ಖಾಲಿ ಆಕಾಶ ಮತ್ತು ನಟರ ಮೊಣಕಾಲು. ಕ್ಯಾಮೆರಾದವನು ನೋಡಿ ಕಟ್ಟಿದ ಚೌಕಟ್ಟು ಅದಲ್ಲ.

ಜಪಾನಿನಲ್ಲಿ ಈ ಬದಲಾವಣೆ ಕೊಂಚ ತಡ. ಗಾಡ್ಜಿಲ್ಲಾ, ರೋಡಾನ್ ಹಳೆಯ ಅಳತೆಯವು. 1957ರ 'ದಿ ಮಿಸ್ಟೀರಿಯನ್ಸ್'ನಿಂದ ತೋಹೋಸ್ಕೋಪ್, ಅಂದರೆ 2.35:1. ಮೋತ್ರಾ ಅಥವಾ 'ಕಿಂಗ್ ಕಾಂಗ್ ವರ್ಸಸ್ ಗಾಡ್ಜಿಲ್ಲಾ' ಚಿತ್ರದ ಡಿಸ್ಕ್ ಪರದೆ ತುಂಬ ಕಂಡರೆ ಎರಡೂ ಬದಿ ಕೊಯ್ದಿದ್ದಾರೆ ಎಂದರ್ಥ. ಇಬ್ಬರು ದೈತ್ಯರ ಕುಸ್ತಿಯಲ್ಲಿ ಒಬ್ಬನೇ ಕಾಣಿಸುವ ಸಿನಿಮಾ ಯಾಕೆ ಬೇಕು?

ಹಂತ 4: ಸ್ಕ್ಯಾನ್ ಎಲ್ಲಿಂದ ಬಂತು

ಬಾಕ್ಸಿನ ಮೇಲೆ '4ಕೆ ರೀಸ್ಟೋರೇಶನ್' ಎಂದಿದ್ದ ಮಾತ್ರಕ್ಕೆ ಏನೂ ಹೇಳಿದಂತಾಗಲಿಲ್ಲ. ಯಾವುದರಿಂದ ಸ್ಕ್ಯಾನ್ ಮಾಡಿದರು ಎಂಬುದು ಮುಖ್ಯ. ಕ್ಯಾಮೆರಾದೊಳಗೆ ಓಡಿದ ಮೂಲ ನೆಗೆಟಿವ್ ಎಲ್ಲಕ್ಕಿಂತ ಮೇಲು. ಅದರಿಂದ ತೆಗೆದ ಮಧ್ಯಂತರ ಪಾಸಿಟಿವ್ ಆಮೇಲೆ. ಥಿಯೇಟರಿನಲ್ಲಿ ಓಡಿ ಗೀರು ಬಿದ್ದ 35 ಎಂಎಂ ಪ್ರಿಂಟ್ ಅದಕ್ಕಿಂತ ಕೆಳಗೆ. ಟಿವಿ ಕೇಂದ್ರಗಳಿಗೆ ಕಳಿಸುತ್ತಿದ್ದ 16 ಎಂಎಂ ಪ್ರಿಂಟ್ ಕೊನೆಯ ಆಯ್ಕೆ. ಒಳ್ಳೆಯ ಸಂಸ್ಥೆಗಳು ಇದನ್ನು ಬಾಯಿಬಿಟ್ಟು ಹೇಳುತ್ತವೆ. 'ಡಿಜಿಟಲಿ ರೀಮಾಸ್ಟರ್ಡ್' ಎಂದಷ್ಟೇ ಬರೆದು ಸುಮ್ಮನಾದರೆ ಅನುಮಾನಿಸಿ.

ಈ ಬಗೆಯ ಸಿನಿಮಾಗಳಲ್ಲಿ ಹೊಸಬರು ಮೋಸ ಎಂದು ತಪ್ಪು ತಿಳಿಯುವ ಸಂಗತಿ ಒಂದಿದೆ. ಮಾತುಕತೆಯ ದೃಶ್ಯ ಗಾಜಿನಂತೆ ತಿಳಿಯಾಗಿರುತ್ತದೆ. ಪ್ರಾಣಿ ಬಂದ ತಕ್ಷಣ ಚಿತ್ರ ಮಂಕಾಗಿ, ಕಾಳುಕಾಳಾಗಿ, ಕೊಳೆ ಕಾಣಿಸುತ್ತದೆ. ಡಿಸ್ಕಿನ ತಪ್ಪಲ್ಲ ಅದು. ಗೊಂಬೆಯನ್ನು ಚೂರುಚೂರೇ ಸರಿಸಿ ಜೀವ ಬರಿಸುತ್ತಿದ್ದ ಕಲಾವಿದ ರೇ ಹ್ಯಾರಿಹೌಸನ್ ತನ್ನ ಗೊಂಬೆಯ ಹಿಂದೆ ಮೊದಲೇ ತೆಗೆದ ದೃಶ್ಯವನ್ನು ಪರದೆಗೆ ಬಿಟ್ಟು, ಗೊಂಬೆಯೊಂದಿಗೆ ಅದನ್ನೇ ಮತ್ತೆ ಫಿಲ್ಮಿಗೆ ಹಿಡಿಯುತ್ತಿದ್ದ. ಹಿನ್ನೆಲೆ ಎರಡು ಸಲ ಫಿಲ್ಮ್ ಆಯಿತು, ಫಿಲ್ಮಿನ ಕಣಗಳ ಕಾಳೂ ದುಪ್ಪಟ್ಟಾಯಿತು. 1955ರಲ್ಲಿ ಥಿಯೇಟರಿನಲ್ಲಿ ಕೂತವರಿಗೂ ಹೀಗೇ ಕಂಡದ್ದು. ಇದನ್ನು ಕಂಪ್ಯೂಟರಿನಲ್ಲಿ ಉಜ್ಜಿ ನುಣುಪು ಮಾಡಿದ ಡಿಸ್ಕ್‌ಗಳಿವೆ. ಅವುಗಳಲ್ಲಿ ಮನುಷ್ಯರ ಮುಖ ಮೇಣದಂತೆ, ಗೊಂಬೆಯ ಚರ್ಮ ಪ್ಲಾಸ್ಟಿಕ್‌ನಂತೆ ಕಾಣುತ್ತದೆ. ಕಾಳು ಇರಲಿ. ಕಾಂಗ್‌ನ ರೋಮ ಗಾಳಿಯಿಲ್ಲದೆ ಅಲುಗಾಡುವುದು ಗೊಂಬೆಯನ್ನು ಚಿತ್ರದಿಂದ ಚಿತ್ರಕ್ಕೆ ಸರಿಸಿದವರ ಬೆರಳ ಗುರುತಿನಿಂದ. ಅದನ್ನು ಅಳಿಸಿದರೆ ಆ ಕೈಗಳ ಕೆಲಸವನ್ನೇ ಅಳಿಸಿದ ಹಾಗೆ.

ಬಣ್ಣ ಹಾಕಿದ ಆವೃತ್ತಿಗಳ ವಿಷಯ. ಸೋನಿ 2007-08ರಲ್ಲಿ ಹ್ಯಾರಿಹೌಸನ್‌ನ ಕಪ್ಪು-ಬಿಳುಪು ಚಿತ್ರಗಳಿಗೆ ಅವನ ಒಪ್ಪಿಗೆಯೊಂದಿಗೇ ಬಣ್ಣ ಹಾಕಿಸಿತು. ಡಿಸ್ಕಿನಲ್ಲಿ ಎರಡೂ ರೂಪ ಇರುತ್ತವೆ, ಆದ್ದರಿಂದ ನಷ್ಟವಿಲ್ಲ. ನಾನು ಬಣ್ಣದ್ದನ್ನು ಹತ್ತು ನಿಮಿಷ ನೋಡಿ ಹಿಂದಕ್ಕೆ ಹೋದೆ. 'ಇಟ್ ಕೇಮ್ ಫ್ರಮ್ ಬಿನೀತ್ ದ ಸೀ' ಚಿತ್ರದಲ್ಲಿ ಬಜೆಟ್ ಸಾಲದೆ ಆರೇ ಕೈಗಳೊಂದಿಗೆ ಹುಟ್ಟಿದ ಅಷ್ಟಪದಿಗೆ ಕಪ್ಪು-ಬಿಳುಪಿನ ಕತ್ತಲೆಯೇ ಮಾನ ಮುಚ್ಚುವ ಬಟ್ಟೆ.

ಹಂತ 5: ದನಿ ಮತ್ತು ಸಬ್‌ಟೈಟಲ್

ಸಂಗೀತ ಸಂಯೋಜಕ ಅಕಿರಾ ಇಫುಕುಬೆ ರಾಳ ಸವರಿದ ಚರ್ಮದ ಕೈಗವಸಿನಿಂದ ಡಬಲ್ ಬಾಸ್ ವಾದ್ಯದ ಸಡಿಲ ತಂತಿಗಳನ್ನು ಉಜ್ಜಿ ಗಾಡ್ಜಿಲ್ಲಾದ ಗರ್ಜನೆ ಹುಟ್ಟಿಸಿದ. ಅದು ಮೋನೋ, ಅಂದರೆ ಒಂದೇ ಚಾನೆಲ್‌ನ ದನಿ. ಡಿಸ್ಕಿನಲ್ಲಿ ಮೂಲ ಮೋನೋ ಟ್ರ್ಯಾಕ್ ಇದೆಯೇ ನೋಡಿ. ಹಲವು ಸ್ಪೀಕರುಗಳಿಗೆ ಹಂಚಿದ 5.1 ಇದ್ದರೆ ಇರಲಿ, ಅದೊಂದೇ ಇದ್ದರೆ ಬೇಡ.

ಜಪಾನಿ ಚಿತ್ರಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಎರಡು ಬಗೆ. ಒಂದು ಜಪಾನಿ ಮಾತಿನ ಅನುವಾದ. ಇನ್ನೊಂದು ಸೋಮಾರಿ ಕೆಲಸ, ಇಂಗ್ಲಿಷ್ ಡಬ್ಬಿಂಗ್‌ನ ಮಾತನ್ನೇ ಹಾಳೆಗಿಳಿಸಿ ಜಪಾನಿ ದನಿಯ ಕೆಳಗೆ ಅಂಟಿಸುವುದು. ಪಾತ್ರ ಬಾಯಿ ಮುಚ್ಚಿರುವಾಗಲೂ ಅಕ್ಷರ ಬಂದರೆ ಅದು ಎರಡನೆಯ ಬಗೆ ಎಂದು ತಿಳಿಯಿರಿ. ಕೆಟ್ಟ ಡಬ್ಬಿಂಗ್‌ಗಾಗಿಯೇ ಈ ಚಿತ್ರಗಳನ್ನು ಪ್ರೀತಿಸುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು: ಕ್ರೈಟೀರಿಯನ್‌ನ 15 ಚಿತ್ರಗಳ ಗಾಡ್ಜಿಲ್ಲಾ ಸೆಟ್ಟಿನಲ್ಲಿ ಎಲ್ಲ ಚಿತ್ರಗಳಿಗೂ ಇಂಗ್ಲಿಷ್ ಡಬ್ಬಿಂಗ್ ಇಲ್ಲ.

ಹಂತ 6: ರೀಜನ್, ಅಂದರೆ ನಮ್ಮ ತಲೆನೋವು

ಭಾರತದಲ್ಲಿ ಕೂತು ಈ ಹವ್ಯಾಸ ಹಿಡಿದವರ ನಿಜವಾದ ದೈತ್ಯ ಇದೇ. ಜಗತ್ತನ್ನು ರೀಜನ್‌ಗಳಾಗಿ, ಅಂದರೆ ಪ್ರದೇಶಗಳಾಗಿ ಹಂಚಿ, ಒಂದು ಪ್ರದೇಶದ ಡಿಸ್ಕ್ ಇನ್ನೊಂದರ ಪ್ಲೇಯರಿನಲ್ಲಿ ಓಡದಂತೆ ಬೀಗ ಹಾಕಿರುತ್ತಾರೆ.

ಡಿವಿಡಿಯಲ್ಲಿ ಅಮೆರಿಕ ರೀಜನ್ 1, ಯುರೋಪ್ ಮತ್ತು ಜಪಾನ್ 2, ನಾವು 5. ಬ್ಲೂ-ರೇಯಲ್ಲಿ ಅಮೆರಿಕ, ಜಪಾನ್, ಕೊರಿಯಾ 'ಎ', ಯುರೋಪ್ ಮತ್ತು ಆಸ್ಟ್ರೇಲಿಯಾ 'ಬಿ', ಭಾರತ, ಚೀನಾ, ರಷ್ಯಾ 'ಸಿ'. ನಮ್ಮ 'ಸಿ' ಪ್ರದೇಶಕ್ಕೆಂದು ಯಾವ ಸಂಸ್ಥೆಯೂ ಟರಾಂಟುಲಾ ಬಿಡುಗಡೆ ಮಾಡುವುದಿಲ್ಲ. ಬೇಕಾದ್ದೆಲ್ಲ 'ಎ' ಅಥವಾ 'ಬಿ'ಯಲ್ಲಿದೆ. ಕ್ರೈಟೀರಿಯನ್, ಸ್ಕ್ರೀಮ್ ಫ್ಯಾಕ್ಟರಿ, ಕೀನೋ ಲಾರ್ಬರ್‌ನ ಅಮೆರಿಕನ್ ಬ್ಲೂ-ರೇಗಳು ಸಾಮಾನ್ಯವಾಗಿ 'ಎ'ಗೆ ಬೀಗ ಹಾಕಿರುತ್ತವೆ. ಯುರೇಕಾದವು ಸಾಮಾನ್ಯವಾಗಿ 'ಬಿ'. ವಾರ್ನರ್‌ನ ಹಳೆಯ ಚಿತ್ರಗಳ ಬ್ಲೂ-ರೇಗಳಿಗೆ ಹೆಚ್ಚಾಗಿ ಬೀಗ ಇರುವುದಿಲ್ಲ. 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕ್‌ಗಳಲ್ಲಿ ರೀಜನ್ ಪದ್ಧತಿಯೇ ಇಲ್ಲ. ಆದರೆ ಅದೇ ಬಾಕ್ಸಿನಲ್ಲಿ ಬರುವ ಜೊತೆ ಬ್ಲೂ-ರೇಗೆ ಬೀಗ ಇರಬಹುದು, ಹೆಚ್ಚುವರಿ ಸಾಮಗ್ರಿಯೆಲ್ಲ ಅದರಲ್ಲೇ ಇರಬಹುದು.

ಹಾಗಾಗಿ ಡಿಸ್ಕಿಗಿಂತ ಮೊದಲು ಪ್ಲೇಯರ್ ಕೊಳ್ಳಿ. ಬೇಕಾದ್ದು ಮಲ್ಟಿ-ರೀಜನ್ ಮಾಡಿದ ಬ್ಲೂ-ರೇ ಪ್ಲೇಯರ್. ಮಾರುವವರನ್ನು ಎರಡು ಪ್ರಶ್ನೆ ಬೇರೆಬೇರೆಯಾಗಿ ಕೇಳಿ: ಡಿವಿಡಿಯ ಎಲ್ಲ ರೀಜನ್ ಓಡುತ್ತದೆಯೇ, ಬ್ಲೂ-ರೇಯ ಎ, ಬಿ, ಸಿ ಮೂರೂ ಓಡುತ್ತವೆಯೇ? ರಿಮೋಟಿನಲ್ಲಿ ಗುಟ್ಟಿನ ಸಂಖ್ಯೆ ಒತ್ತಿ ಡಿವಿಡಿ ಬೀಗ ತೆಗೆದು 'ಆಲ್ ರೀಜನ್' ಎಂದು ಮಾರುವವರು ಧಾರಾಳ, ಅದರಿಂದ ಬ್ಲೂ-ರೇ ಬೀಗ ಬಿಚ್ಚುವುದಿಲ್ಲ. ಅಮೆರಿಕದಿಂದ ಪ್ಲೇಯರ್ ತರಿಸುವುದಾದರೆ ಹಿಂಬದಿಯಲ್ಲಿ 100-240 ವೋಲ್ಟ್ ಎಂದಿದೆಯೇ ನೋಡಿ. ಬರೀ 120 ಎಂದಿದ್ದರೆ ನಮ್ಮ 230 ವೋಲ್ಟ್ ಪ್ಲಗ್ಗಿಗೆ ನೇರ ಹಾಕಿದ ದಿನವೇ ಅದರ ಕತೆ ಮುಗಿಯುತ್ತದೆ. ಗೇಮ್ ಕನ್ಸೋಲ್ ಇದ್ದವರು ಅದನ್ನೇ ನೆಚ್ಚಬೇಡಿ, ಅದರ ಬ್ಲೂ-ರೇ ಬೀಗವನ್ನು ಬಿಚ್ಚಲು ದಾರಿಯಿಲ್ಲ. ಕಂಪ್ಯೂಟರಿನ ಡಿವಿಡಿ ಡ್ರೈವ್‌ನಲ್ಲಿ ರೀಜನ್ ಬದಲಾಯಿಸಲು ಐದೇ ಅವಕಾಶ, ಆಮೇಲೆ ಕೊನೆಯದಾಗಿ ಇಟ್ಟದ್ದೇ ಖಾಯಂ.

ಯುರೋಪಿನ ಪಾಲ್, ಅಮೆರಿಕ-ಜಪಾನಿನ ಎನ್‌ಟಿಎಸ್‌ಸಿ ಎಂಬ ಎರಡು ಟಿವಿ ಪದ್ಧತಿಗಳ ಜಗಳ ಈಗ ನಮಗೆ ಬಹುತೇಕ ಇಲ್ಲ. ಇಲ್ಲಿನ ಟಿವಿಗಳು ಎರಡನ್ನೂ ತೋರಿಸುತ್ತವೆ.

ಹಂತ 7: ಕೊಳ್ಳುವ ಜಾಣ್ಮೆ

ಒಂದೊಂದೇ ಡಿಸ್ಕ್ ತರಿಸಿದರೆ ಸಾಗಣೆ ಮತ್ತು ಸುಂಕ ಸೇರಿ ಡಿಸ್ಕಿನ ಬೆಲೆಯನ್ನೇ ಮೀರಬಹುದು. ಸೆಟ್ ಇದ್ದರೆ ಸೆಟ್ ನೋಡಿ. ಕ್ರೈಟೀರಿಯನ್ ತನ್ನ 1000ನೇ ಸಂಖ್ಯೆಯ ಬಿಡುಗಡೆಯಾಗಿ 2019ರಲ್ಲಿ ತಂದ ಸೆಟ್ಟಿನಲ್ಲಿ 1954ರಿಂದ 1975ರವರೆಗಿನ 15 ಗಾಡ್ಜಿಲ್ಲಾ ಚಿತ್ರಗಳು 8 ಬ್ಲೂ-ರೇಗಳಲ್ಲಿವೆ. 'ಕಿಂಗ್ ಕಾಂಗ್ ವರ್ಸಸ್ ಗಾಡ್ಜಿಲ್ಲಾ' ಜಪಾನಿ ಆವೃತ್ತಿ ಕೊನೆಯ ಡಿಸ್ಕಿನ ಹೆಚ್ಚುವರಿಗಳ ನಡುವೆ ಅಡಗಿದೆ, ಹುಡುಕಿ. ಪುಸ್ತಕದ ಆಕಾರದ ಈ ಸೆಟ್ ಮಾಮೂಲಿ ಕಪಾಟಿನ ಅರೆಯಲ್ಲಿ ನಿಲ್ಲುವುದಿಲ್ಲ ಎಂಬುದನ್ನೂ ನೆನಪಿಡಿ. ಆರೋ ಸಂಸ್ಥೆಯ 2020ರ ಗಮೆರಾ ಸೆಟ್ಟಿನಲ್ಲಿ 1965ರಿಂದ 2006ರವರೆಗಿನ 12 ಚಿತ್ರಗಳೂ ಇವೆ. ಅದೇ ಆರೋ 2021ರಲ್ಲಿ ನಿರ್ಮಾಪಕ ಸ್ಯಾಮ್ ಕಾಟ್ಸ್‌ಮನ್‌ನ ನಾಲ್ಕು ಚಿತ್ರಗಳ ಸೆಟ್ ತಂದಿತು, 'ದಿ ಜೈಂಟ್ ಕ್ಲಾ' ಅದರಲ್ಲಿದೆ. ಯುದ್ಧನೌಕೆಯಷ್ಟು ದೊಡ್ಡದೆಂದು ನಟರೆಲ್ಲ ಗಂಭೀರವಾಗಿ ಹೇಳಿ ಹೇಳಿ ಕೊನೆಗೆ ಕಾಣಿಸಿಕೊಳ್ಳುವ ಆ ಹದ್ದಿನ ಗೊಂಬೆಯನ್ನು ಹೈ-ಡೆಫಿನಿಷನ್‌ನಲ್ಲಿ ನೋಡುವ ಸುಖಕ್ಕೆ ನಾನು ಇಡೀ ಸೆಟ್ಟಿನ ಬೆಲೆ ಕೊಡಬಲ್ಲೆ. ಇದು ನನ್ನ ರುಚಿ, ಸಲಹೆಯಲ್ಲ.

ಅಮೆರಿಕದಲ್ಲಿ ನೆಂಟರಿಷ್ಟರು ಇರುವವರ ದಾರಿ ಸುಲಭ. ಕ್ರೈಟೀರಿಯನ್ ಡಿಸ್ಕ್‌ಗಳು ಬಾರ್ನ್ಸ್ ಆ್ಯಂಡ್ ನೋಬಲ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಜುಲೈ ಮತ್ತು ನವೆಂಬರ್ ಹೊತ್ತಿಗೆ ಅರ್ಧ ಬೆಲೆಗೆ ಸಿಗುತ್ತವೆ. ಆಗ ಕೊಂಡು ಅಲ್ಲೇ ಇಡಿಸಿ, ಯಾರಾದರೂ ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ತರಿಸಿಕೊಳ್ಳಿ. ತೂಕದ ಬಗ್ಗೆ ಗೊಣಗಿದರೆ ಗಾಡ್ಜಿಲ್ಲಾ ಸೆಟ್ಟಿನ ವಿಷಯ ಮೊದಲೇ ಹೇಳಬೇಡಿ.

ಚಿಕ್ಕ ಸಂಸ್ಥೆಗಳು ಈ ಚಿತ್ರಗಳ ಹಕ್ಕನ್ನು ಕೆಲವು ವರ್ಷಗಳ ಮಟ್ಟಿಗೆ ಮಾತ್ರ ಬಾಡಿಗೆಗೆ ಪಡೆಯುತ್ತವೆ. ಅವಧಿ ಮುಗಿದರೆ ಡಿಸ್ಕ್ ಅಂಗಡಿಯಿಂದ ಮಾಯ, ಮರುಮಾರಾಟದವರು ಮೂರು ಪಟ್ಟು ಹೇಳುತ್ತಾರೆ. ಹಾಗೆಂದು ತಕ್ಷಣ ದುಡುಕಬೇಡಿ. ಇನ್ನೊಂದು ಸಂಸ್ಥೆ ಅದೇ ಚಿತ್ರವನ್ನು ಇನ್ನೂ ಒಳ್ಳೆಯ ಸ್ಕ್ಯಾನ್‌ನೊಂದಿಗೆ ತರುವುದು ಈ ಲೋಕದಲ್ಲಿ ಮಾಮೂಲು. ಗೋರ್ಗೊ 2013ರಲ್ಲಿ ಬ್ಲೂ-ರೇಯಾಗಿ ಬಂತು, ಆಮೇಲೆ ವಿನೆಗರ್ ಸಿಂಡ್ರೋಮ್ ಎಂಬ ಸಂಸ್ಥೆ ಅದನ್ನು 4ಕೆಯಲ್ಲಿ ತಂದಿತು. ಕಳೆದುಹೋದ ಮರಿಗಾಗಿ ಲಂಡನ್ನನ್ನೇ ಪುಡಿಮಾಡುವ ತಾಯಿಯ ಕತೆ ಅದು, ಬಣ್ಣದ ಚಿತ್ರ, ಆದ್ದರಿಂದ ಒಳ್ಳೆಯ ಸ್ಕ್ಯಾನ್‌ನ ಲಾಭ ಕಣ್ಣಿಗೇ ಕಾಣುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಡಿಸ್ಕಿನ ತಳದ ಫೋಟೊ ಕೇಳಿ. ಕಾರ್ಖಾನೆಯಲ್ಲಿ ಒತ್ತಿದ ಡಿವಿಡಿಯ ತಳ ಬೆಳ್ಳಿಬಣ್ಣ. ನೇರಳೆ ಅಥವಾ ಹಸಿರು ಛಾಯೆ ಇದ್ದರೆ ಕಂಪ್ಯೂಟರಿನಲ್ಲಿ ಸುಟ್ಟದ್ದು, ಅಂದರೆ ಬರ್ನ್ ಮಾಡಿದ್ದು. ಅಧಿಕೃತವಾದವೂ ಹೀಗಿರುವುದುಂಟು: ವಾರ್ನರ್‌ನ ಹಳೆಯ ಚಿತ್ರಗಳ ವಿಭಾಗವಾದ ವಾರ್ನರ್ ಆರ್ಕೈವ್ 2009ರಲ್ಲಿ ಶುರುವಾದಾಗ ಬೇಡಿಕೆ ಬಂದಂತೆ ಡಿವಿಡಿ ಸುಟ್ಟು ಕಳಿಸುತ್ತಿತ್ತು. ಆದರೆ ಗೊತ್ತಿಲ್ಲದ ಹೆಸರಿನ ಸಂಸ್ಥೆ, ಸುಟ್ಟ ಡಿಸ್ಕ್, ಮಸುಕು ಮುಖಪುಟ ಮೂರೂ ಸೇರಿದರೆ ಅದು ಕಳ್ಳಪ್ರತಿ.

ಎಲ್ಲಿಂದ ಶುರುಮಾಡಲಿ ಎಂದು ಕೇಳುವವರಿಗೆ: ಎರಡೂ ಆವೃತ್ತಿಯಿರುವ ಗಾಡ್ಜಿಲ್ಲಾ, ಆಮೇಲೆ 'ದೆಮ್!', ಆಮೇಲೆ ಟರಾಂಟುಲಾ. ಟರಾಂಟುಲಾ ಸ್ಕ್ರೀಮ್ ಫ್ಯಾಕ್ಟರಿಯಿಂದ 2019ರಲ್ಲಿ ಬಂದಿದೆ. ಕೊನೆಯಲ್ಲಿ ಮುಖವಾಡ ಹಾಕಿದ ಜೆಟ್ ಪೈಲಟ್ ಆಗಿ ಕ್ಲಿಂಟ್ ಈಸ್ಟ್‌ವುಡ್ ಹಾದುಹೋಗುತ್ತಾನೆ, ಹೆಸರು ಕೂಡ ಹಾಕಿಲ್ಲ. ಈ ಮೂರು ಹಿಡಿಸದಿದ್ದರೆ ಹವ್ಯಾಸ ಬಿಟ್ಟುಬಿಡಿ, ದುಡ್ಡು ಉಳಿಯಿತು.

ಹಂತ 8: ಮನೆಗೆ ಬಂದ ಮೇಲೆ

ಪ್ಯಾಕೆಟ್ ಬಿಚ್ಚಿದ ವಾರದಲ್ಲೇ ಪ್ರತಿ ಡಿಸ್ಕನ್ನೂ ಹಾಕಿ, ಮೊದಲು, ನಡು, ಕೊನೆ ಓಡಿಸಿ ನೋಡಿ. ಹಿಂತಿರುಗಿಸುವ ಅವಧಿ ಮುಗಿದ ಮೇಲೆ ಯಾರೂ ಕೇಳುವುದಿಲ್ಲ. ವಾರ್ನರ್ 2006ರಿಂದ 2008ರ ನಡುವೆ ತಯಾರಿಸಿದ ಕೆಲವು ಡಿವಿಡಿಗಳು ಮುಟ್ಟದೆ ಇಟ್ಟರೂ ಒಳಗಿಂದ ಕೆಡುತ್ತವೆ. 2025ರಲ್ಲಿ ಸಂಸ್ಥೆಯೇ ಇದನ್ನು ಒಪ್ಪಿಕೊಂಡಿತು. ಆ ಕಾಲದ ಡಿಸ್ಕ್ ಹಳೆಯ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕರೆ ಪೂರ್ತಿ ಓಡಿಸಿ ನೋಡದೆ ನಂಬಬೇಡಿ.

ಮಲೆನಾಡು, ಕರಾವಳಿಯವರಿಗೆ ಮಳೆಗಾಲವೇ ವೈರಿ. ಡಿಸ್ಕಿಗಿಂತ ಮೊದಲು ಬೂಷ್ಟು ಹಿಡಿಯುವುದು ಮುಖಪುಟದ ಕಾಗದ ಮತ್ತು ಒಳಗಿನ ಪುಸ್ತಿಕೆ. ಹೊರಗೋಡೆಗೆ ತಾಗಿದ ಕಪಾಟು ಬೇಡ. ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಿಸಿಲು ಬಂದ ದಿನ ಗಾಳಿಯಾಡಲು ಬಿಡಿ. ಡಿಸ್ಕ್‌ಗಳನ್ನು ಪುಸ್ತಕದಂತೆ ನಿಲ್ಲಿಸಿಡಿ. ಒರೆಸುವಾಗ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರ ಎಳೆಯಿರಿ, ಸುತ್ತು ಹಾಕಬೇಡಿ. ಸುತ್ತಿಗುಂಟ ಬಿದ್ದ ಗೀರು ಒಂದೇ ಕಡೆಯ ಮಾಹಿತಿಯನ್ನು ಉದ್ದಕ್ಕೂ ನುಂಗುತ್ತದೆ, ಅಡ್ಡ ಗೀರನ್ನು ಪ್ಲೇಯರ್ ಸಾವರಿಸಿಕೊಳ್ಳುತ್ತದೆ.

ಹಂತ 9: ಟಿವಿಯನ್ನು ಸರಿಮಾಡಿ

ಇಷ್ಟೆಲ್ಲ ಮಾಡಿ ಟಿವಿಯನ್ನು ಅಂಗಡಿಯಿಂದ ಬಂದ ಹಾಗೇ ಬಿಟ್ಟರೆ ದುಡ್ಡು ದಂಡ. ಹೊಸ ಟಿವಿಗಳು ಎರಡು ಚಿತ್ರಗಳ ನಡುವೆ ತಾವೇ ಊಹಿಸಿ ಮೂರನೆಯದನ್ನು ತುರುಕುತ್ತವೆ. ಕ್ರಿಕೆಟ್‌ಗೆ ಅದು ಸರಿ. ಗೊಂಬೆಯನ್ನು ಒಂದೊಂದೇ ಚಿತ್ರಕ್ಕೆ ಸರಿಸಿ ತೆಗೆದ ಸಿನಿಮಾಕ್ಕೆ ಅದು ವಿಷ, ಆ ಪ್ರಾಣಿಯ ತಡೆದು ತಡೆದು ನಡೆಯುವ ಗತ್ತೇ ಕರಗಿಹೋಗುತ್ತದೆ. ಜಪಾನಿ ಚಿತ್ರಗಳಿಗೂ ತೊಂದರೆ. ರಬ್ಬರ್ ಉಡುಪಿನೊಳಗಿನ ಮನುಷ್ಯ ದೈತ್ಯನಂತೆ ತೂಕವಾಗಿ ಕಾಣಲೆಂದು ತೋಹೋದ ಸ್ಪೆಷಲ್ ಎಫೆಕ್ಟ್ಸ್ ನಿರ್ದೇಶಕ ಎಯ್ಜಿ ತ್ಸುಬುರಾಯ ಕ್ಯಾಮೆರಾವನ್ನು ವೇಗವಾಗಿ ಓಡಿಸಿ, ತೆರೆಯ ಮೇಲೆ ನಿಧಾನಗೊಳಿಸುತ್ತಿದ್ದ. ಟಿವಿ ಅದನ್ನು ನುಣುಪು ಮಾಡಿದರೆ ಉಡುಪು ಉಡುಪಾಗಿಯೇ ಕಾಣುತ್ತದೆ.

ಮೆನುವಿನಲ್ಲಿ 'ಫಿಲ್ಮ್‌ಮೇಕರ್ ಮೋಡ್' ಇದ್ದರೆ ಅದನ್ನು ಒತ್ತಿ. ಇಲ್ಲದಿದ್ದರೆ 'ಸಿನಿಮಾ' ಅಥವಾ 'ಮೂವಿ' ಆರಿಸಿ, ಮೋಷನ್ ಹೆಸರಿನ ಆಯ್ಕೆಗಳನ್ನೂ ನಾಯ್ಸ್ ರಿಡಕ್ಷನ್ ಅನ್ನೂ ಆಫ್ ಮಾಡಿ, ಶಾರ್ಪ್‌ನೆಸ್ ಇಳಿಸಿ. ಚಿತ್ರವನ್ನು ಎಳೆದು ಪರದೆ ತುಂಬಿಸುವ ಆಯ್ಕೆ ಬೇಡ, 1.37ರ ಚಿತ್ರಕ್ಕೆ ಎಡಬಲದಲ್ಲಿ ಕಪ್ಪು ಪಟ್ಟಿ ಇರಲೇಬೇಕು. ಸರಿಯಾಯಿತೇ ಎಂದು ನೋಡಲು 'ಬೀಸ್ಟ್ ಫ್ರಮ್ 20,000 ಫ್ಯಾದಮ್ಸ್' ಚಿತ್ರದಲ್ಲಿ ಪ್ರಾಣಿ ದೀಪಸ್ತಂಭವನ್ನು ಕೆಡವುವ ದೃಶ್ಯ ಹಾಕಿ. ಪ್ರಾಣಿ ಚೂರುಚೂರೇ ಕುಲುಕಿ ಚಲಿಸಿದರೆ, ಆಕಾಶದಲ್ಲಿ ಕಾಳು ಕುದಿಯುವುದು ಕಂಡರೆ ಸೆಟಿಂಗ್ ಸರಿಯಿದೆ. ಹಾವಿನಂತೆ ಜಾರಿಕೊಂಡು ಹೋದರೆ ಮೆನುವಿಗೆ ಹಿಂತಿರುಗಿ. ಕೆಲವು ಟಿವಿಗಳಲ್ಲಿ ಪ್ರತಿ ಎಚ್‌ಡಿಎಂಐ ಪೋರ್ಟಿಗೂ ಈ ಸೆಟಿಂಗ್ ಬೇರೆಬೇರೆಯಾಗಿ ಉಳಿಸಬೇಕು, ಪ್ಲೇಯರ್ ಸಿಕ್ಕಿಸಿರುವ ಪೋರ್ಟಿನಲ್ಲೇ ಮಾಡಿದ್ದೀರಾ ನೋಡಿಕೊಳ್ಳಿ.